ಎದೆ ಬಿಗಿತವನ್ನು ಕೊನೆಯ ಸಾಲಿನಲ್ಲಿ ಬರೆದಿದ್ದೀರಿ!

ನಿಮ್ಮ ಪತ್ರವನ್ನು ಮೂರು ಸಲ ಓದಿದೆ. ವಯಸ್ಸು 47, ಮೈಸೂರಿನ ಹತ್ತಿರದ ಊರಿನಲ್ಲಿ ದಿನಸಿ ಅಂಗಡಿ, 9 ವರ್ಷದಿಂದ ಸಕ್ಕರೆ ಕಾಯಿಲೆ. ಎರಡು ವರ್ಷದಿಂದ ಶಿಶ್ನ ಸರಿಯಾಗಿ ನಿಮಿರುತ್ತಿಲ್ಲ. ಹೆಂಡತಿಗೆ ಮುಖ ತೋರಿಸಲಾಗದೆ, ಸೆಖೆಯ ನೆಪ ಹೇಳಿ ನಡುಮನೆಯಲ್ಲಿ ಚಾಪೆ ಹಾಸಿಕೊಳ್ಳುತ್ತಿದ್ದೀರಿ. ಔಷಧಿ ಅಂಗಡಿಯ ಗೆಳೆಯ ಮಾತ್ರೆ ಕೊಟ್ಟಿದ್ದಾನೆ, ನುಂಗಲು ಧೈರ್ಯ ಬಂದಿಲ್ಲ. ‘ನನ್ನ ಗಂಡಸುತನ ಮುಗಿಯಿತೇ?’ ಎಂಬುದು ನಿಮ್ಮ ಪ್ರಶ್ನೆ.

ಮುಗಿದಿಲ್ಲ. ಆದರೆ ನನ್ನ ನಿದ್ದೆ ಕೆಡಿಸಿದ್ದು ಸಹಿಗಿಂತ ಮೊದಲು ನೀವು ಗೀಚಿದ ಸಾಲು: ‘ಈಚೆಗೆ ಅಕ್ಕಿ ಮೂಟೆ ಎತ್ತಿದರೆ ಎದೆ ಬಿಗಿಯುತ್ತದೆ, ಸ್ವಲ್ಪ ಕುಳಿತರೆ ಹೋಗುತ್ತದೆ. ಗ್ಯಾಸ್ ಇರಬೇಕು.’

ಗ್ಯಾಸ್ ಎಂದು ನಿರ್ಧರಿಸಿದವರು ಯಾರು ಸ್ವಾಮಿ? ರಕ್ತದಲ್ಲಿ ಸಕ್ಕರೆ ಏರಿಯೇ ಇದ್ದರೆ ರಕ್ತನಾಳದ ಒಳಗೋಡೆಯೂ ನರಗಳೂ ಹಾಳಾಗುತ್ತವೆ. ಶಿಶ್ನದ ರಕ್ತನಾಳ ಒಂದೆರಡು ಮಿಲಿಮೀಟರ್ ಅಗಲದ್ದು, ಹೃದಯದ್ದು ಮೂರು ನಾಲ್ಕು. ಸಣ್ಣದು ಮೊದಲು ಕಟ್ಟಿಕೊಳ್ಳುತ್ತದೆ. ಅದಕ್ಕೇ ಎಷ್ಟೋ ಗಂಡಸರಲ್ಲಿ ಈ ತೊಂದರೆ ಹೃದಯದ ಕಾಯಿಲೆಗಿಂತ ಎರಡು ಮೂರು ವರ್ಷ ಮುಂಚೆಯೇ ಕಾಣಿಸಿಕೊಳ್ಳುತ್ತದೆ. ನಿಮಗೆ ಈಗಾಗಲೇ ಎರಡು ವರ್ಷ ಆಗಿದೆ.

ನಿಮ್ಮ ಗೆಳೆಯನ ಮೇಲೆ ನನಗೆ ತಡೆಯಲಾರದ ಸಿಟ್ಟಿದೆ. ಅವನು ಕೊಟ್ಟಿರುವ ಸಿಲ್ಡೆನಾಫಿಲ್ ಎಂಬ ನಿಮಿರುವಿಕೆಯ ಮಾತ್ರೆ 1998ರಿಂದ ಬಳಕೆಯಲ್ಲಿರುವ ಒಳ್ಳೆಯ ಔಷಧವೇ. ಸಕ್ಕರೆ ಕಾಯಿಲೆಯ ಅನೇಕರಿಗೆ ವೈದ್ಯರೇ ಬರೆದುಕೊಡುತ್ತಾರೆ. ಆದರೆ ಅದನ್ನು ನುಂಗಿದವನಿಗೆ ಎದೆನೋವು ಬಂದು, ವಿಷಯ ತಿಳಿಯದ ಯಾರೋ ನಾಲಿಗೆಯಡಿಗೆ ಸಾರ್ಬಿಟ್ರೇಟ್ ಎಂಬ ಎದೆನೋವಿನ ಮಾತ್ರೆ ಇಟ್ಟರೆ ರಕ್ತದೊತ್ತಡ ಪಾತಾಳಕ್ಕೆ ಇಳಿಯುತ್ತದೆ, ಜೀವವೇ ಹೋಗಬಹುದು. ‘ಎದೆನೋವು ಇದೆಯೇ’ ಎಂಬ ಒಂದು ಮಾತು ಕೇಳದೆ ಮಾತ್ರೆ ಕೈಗಿಟ್ಟವನನ್ನು ಗೆಳೆಯ ಎನ್ನಬೇಡಿ.

ಹೆಂಡತಿ ಅಸಹ್ಯಪಟ್ಟುಕೊಂಡು ಮಾತು ಬಿಟ್ಟಿದ್ದಾಳೆ ಎಂದಿದ್ದೀರಿ. ದಿನವೂ ರಾತ್ರಿ ಚಾಪೆಯ ಪಕ್ಕ ನೀರಿನ ಚೊಂಬು, ಅದರ ಮೇಲೆ ಮುಚ್ಚಿದ ಲೋಟ, ಸಕ್ಕರೆ ಮಾತ್ರೆ ಇಟ್ಟುಹೋಗುತ್ತಾಳೆ ಎಂದೂ ನೀವೇ ಬರೆದಿದ್ದೀರಿ. ಕಾರಣ ಹೇಳದೆ ಹಾಸಿಗೆ ಬಿಟ್ಟು ಎದ್ದುಹೋದವರು ನೀವು. ಎರಡು ವರ್ಷ ತಾನೇ ಏನೋ ತಪ್ಪು ಮಾಡಿದೆ ಎಂದುಕೊಂಡು ಆಕೆ ಒಬ್ಬಳೇ ಮಲಗಿರಬಹುದು. ನನ್ನ ಮರುಕದ ಹೆಚ್ಚಿನ ಪಾಲು ಆಕೆಗೇ. ಸಕ್ಕರೆ ಕಾಯಿಲೆ ಮನೆಯವರೆಲ್ಲರ ಕಾಯಿಲೆ ಎಂದು ಈ ಅಂಕಣದಲ್ಲಿ ಎಷ್ಟು ಸಲ ಬರೆದಿದ್ದೇನೋ, ಇನ್ನೊಮ್ಮೆ ಬರೆಯುತ್ತೇನೆ.

ಲೇಹ್ಯ, ಬಸ್ ನಿಲ್ದಾಣದ ಗೋಡೆಯ ಜಾಹೀರಾತು, ಯಾವುದೂ ಬೇಡ. ಒಂದೇ ಒಂದು ಕೆಲಸ ಮಾಡಿ. ನಾಳೆ ಅಂಗಡಿ ತೆರೆಯಬೇಡಿ. ಹೆಂಡತಿಯನ್ನು ಕರೆದುಕೊಂಡು ಮೈಸೂರಿನ ಜಯದೇವ ಹೃದ್ರೋಗ ಆಸ್ಪತ್ರೆಗೆ ಹೋಗಿ, ಮೊದಲು ಎದೆ ಬಿಗಿತ, ಆಮೇಲೆ ನಿಮಿರದಿರುವುದು, ಎರಡನ್ನೂ ಆಕೆಯ ಎದುರಿಗೇ ಹೇಳಿ. ಇವತ್ತು ರಾತ್ರಿ ಕುಳಿತಲ್ಲೇ ಎದೆ ಬಿಗಿದರೆ ಅಥವಾ ಬೆವರಿದರೆ ಬೆಳಗಿನವರೆಗೆ ಕಾಯದೆ 108ಕ್ಕೆ ಕರೆ ಮಾಡಿ. ಆ ಮಾತ್ರೆಗಳನ್ನು ನುಂಗದೆ ಜೇಬಿನಲ್ಲಿಟ್ಟುಕೊಂಡು ಹೋಗಿ ವೈದ್ಯರಿಗೆ ತೋರಿಸಿ.