ಚರ್ಚಿನ ದವಾಖಾನೆಯಲ್ಲಿ ಕುಟುಂಬ ಯೋಜನೆ: ಓದುಗರ ಆಕ್ಷೇಪಕ್ಕೆ ಸಂಪಾದಕರ ಉತ್ತರ

ಕಿರಿಯ ಮಹಿಳಾ ಆರೋಗ್ಯ ಸಹಾಯಕಿಯಾಗಿ ದುಡಿದು ನಿವೃತ್ತರಾದ ಹಾವೇರಿ ಜಿಲ್ಲೆಯ ಓದುಗರೊಬ್ಬರು, ಪೂರ್ವ ಆಫ್ರಿಕಾದ ಹಳ್ಳಿಗಳಲ್ಲಿ ಧಾರ್ಮಿಕ ಆರೋಗ್ಯ ಸಂಸ್ಥೆಗಳು ಕುಟುಂಬ ಯೋಜನೆಯನ್ನು ಪ್ರಚಾರ ಮಾಡುತ್ತಿರುವ ಬಗೆಗಿನ ನಮ್ಮ ಲೇಖನವನ್ನು ಓದಿ ಎರಡು ಪ್ರಶ್ನೆ ಕೇಳಿದ್ದಾರೆ. ಹೆಣ್ಣಿನ ಇಚ್ಛೆಗೆ ಅಡ್ಡ ಬಂದ ಧರ್ಮದ ಕೈಗೇ ಈ ಕೆಲಸವನ್ನು ಒಪ್ಪಿಸುವುದು ಸರಿಯೇ? ಹೊರದೇಶದ ಹಣದಲ್ಲಿ ನಡೆಯುವ ಇಂಥ ಕಾರ್ಯಕ್ರಮ ಬಡವರ ಸಂಖ್ಯೆಯನ್ನು ಇಳಿಸುವ ಹವಣಿಕೆಯಲ್ಲವೇ?

ಮಾನ್ಯರೇ,

ತಮ್ಮ ಮೊದಲ ಪ್ರಶ್ನೆಗೆ ಉತ್ತರಿಸುವ ಮುನ್ನ, ಆ ಊರುಗಳಲ್ಲಿ ದವಾಖಾನೆ ಕಟ್ಟಿದವರು ಯಾರೆಂಬುದನ್ನು ನೋಡಬೇಕಾಗುತ್ತದೆ. ಕೀನ್ಯಾ, ಉಗಾಂಡಾ, ಮಲಾವಿ, ಜಾಂಬಿಯಾಗಳ ಒಳನಾಡಿನ ಎಷ್ಟೋ ಕಡೆ ಮೊದಲ ಆಸ್ಪತ್ರೆಯನ್ನು ತೆರೆದವರು ಮಿಷನರಿಗಳು. ಕಾಲಾನಂತರ ಅವು ಸ್ಥಳೀಯ ಚರ್ಚುಗಳ ಆಡಳಿತಕ್ಕೆ ಬಂದವು. ಕೀನ್ಯಾದ ಕ್ರೈಸ್ತ ಆರೋಗ್ಯ ಸಂಘದ ಬೇರು 1946ರಷ್ಟು ಹಿಂದಿನದು. ಉಗಾಂಡಾದ ಪ್ರಾಟೆಸ್ಟೆಂಟ್ ವೈದ್ಯಕೀಯ ಮಂಡಳಿ 1957ರದು. ಅಲ್ಲಿ ಕ್ಯಾಥೊಲಿಕರಿಗೂ ಮುಸ್ಲಿಮರಿಗೂ ಪ್ರತ್ಯೇಕ ಮಂಡಳಿಗಳಿವೆ. ಆಫ್ರಿಕಾದ ಆರೋಗ್ಯ ಸೇವೆಯಲ್ಲಿ ಶೇ 30ರಿಂದ 70ರಷ್ಟು ಧಾರ್ಮಿಕ ಸಂಸ್ಥೆಗಳದ್ದೇ ಎಂಬ ಮಾತು ವರದಿಯಿಂದ ವರದಿಗೆ ಸಾಗಿ ಬಂದಿದೆ. ಅದನ್ನು ಸಂಶೋಧಕರೇ ಪ್ರಶ್ನಿಸಿರುವುದರಿಂದ ನಾನು ಆ ಅಂಕಿಯನ್ನು ಆಧರಿಸಿ ವಾದ ಮಾಡುವುದಿಲ್ಲ. ಆದರೆ ಎಷ್ಟೋ ಹಳ್ಳಿಗಳಿಗೆ ನಡೆದು ಹೋಗುವಷ್ಟು ಹತ್ತಿರದಲ್ಲಿರುವ ನರ್ಸು ಚರ್ಚಿನ ದವಾಖಾನೆಯಲ್ಲೇ ಇದ್ದಾಳೆ ಎಂಬುದಂತೂ ನಿಜ. ಆಕೆ ಕುಟುಂಬ ಯೋಜನೆಯ ಮಾತೆತ್ತದಿದ್ದರೆ ಆ ಊರಿನಲ್ಲಿ ಅದನ್ನು ಎತ್ತುವವರೇ ಇರುವುದಿಲ್ಲ.

ಇದಕ್ಕೆ ಚೊಗೋರಿಯಾದ ಉದಾಹರಣೆಯನ್ನು ಕೊಡುತ್ತೇನೆ. ಕೀನ್ಯಾ ಪರ್ವತದ ಪೂರ್ವದ ಇಳಿಜಾರಿನಲ್ಲಿರುವ ಆ ಊರಿನಲ್ಲಿ ಸ್ಕಾಟ್ಲೆಂಡಿನ ಮಿಷನ್ 1922ರಲ್ಲಿ ಆಸ್ಪತ್ರೆ ತೆರೆಯಿತು. ಮುಂದೆ ಅದು ಪೂರ್ವ ಆಫ್ರಿಕಾದ ಪ್ರೆಸ್ಬಿಟೇರಿಯನ್ ಚರ್ಚಿನದಾಯಿತು. 1970ರ ಮತ್ತು 80ರ ದಶಕಗಳಲ್ಲಿ ಈ ಆಸ್ಪತ್ರೆ, ರೋಗಿಗಳು ತನ್ನ ಬಾಗಿಲಿಗೆ ಬರಲೆಂದು ಕಾಯದೆ, ಸುತ್ತಲಿನ ಹಳ್ಳಿಗಳಲ್ಲಿ ಸಣ್ಣ ದವಾಖಾನೆಗಳನ್ನು ನಡೆಸಿ, ಆಯಾ ಊರಿನವರನ್ನೇ ಸ್ವಯಂಸೇವಕರನ್ನಾಗಿ ತರಬೇತುಗೊಳಿಸಿತು. ಮಗುವಿಗೆ ಲಸಿಕೆ ಹಾಕಿಸಲು ಬಂದ ತಾಯಿಗೆ ಅಲ್ಲಿಯೇ ಗರ್ಭನಿರೋಧಕ ಗುಳಿಗೆಯೋ ಚುಚ್ಚುಮದ್ದೋ ಗರ್ಭಕೋಶದಲ್ಲಿ ಇರಿಸುವ ವಂಕಿಯೋ ಸಿಗುವಂತಾಯಿತು. 80ರ ದಶಕದ ನಡುವೆ ಸಮೀಕ್ಷೆ ನಡೆದಾಗ, ದೇಶದಲ್ಲಿ ಹೆಣ್ಣೊಬ್ಬಳಿಗೆ ಸರಾಸರಿ 7ಕ್ಕೂ ಹೆಚ್ಚು ಮಕ್ಕಳಿದ್ದರೆ ಚೊಗೋರಿಯಾದ ಸುತ್ತಿನಲ್ಲಿ ಅದು 5ರ ಆಸುಪಾಸಿಗೆ ಇಳಿದಿತ್ತು. ಇದರ ಕೀರ್ತಿಯೆಲ್ಲ ಚರ್ಚಿಗೆ ಸಲ್ಲಬೇಕೆಂದು ನಾನು ಹೇಳುತ್ತಿಲ್ಲ. ಅದು ಫಲವತ್ತಾದ ಸೀಮೆ, ಶಾಲೆಗಳು ಬೇಗ ಬಂದ ಸೀಮೆ. ಕೀನ್ಯಾ ಸರ್ಕಾರವೂ 1967ರಿಂದಲೇ ಕುಟುಂಬ ಯೋಜನೆಯನ್ನು ನಡೆಸುತ್ತಿತ್ತು. ಆದರೂ ಕೈಗೆಟಕುವ ದೂರದಲ್ಲಿ, ನಂಬಿಕೆಯ ಜಾಗದಲ್ಲಿ ಸಾಧನ ದೊರೆತರೆ ಹೆಂಗಸರು ಅದನ್ನು ಬಳಸುತ್ತಾರೆ ಎಂಬುದು ಅಲ್ಲಿ ಕಂಡುಬಂತು.

ನಂಬಿಕೆಯ ಮಾತನ್ನು ನಾನು ಬೇಕೆಂದೇ ಎತ್ತಿದೆ. ಗುಳಿಗೆ ನುಂಗಿದರೆ ಬಂಜೆತನ ಬರುತ್ತದೆಂಬ ಭಯವೂ, ಗಂಡನ ಒಪ್ಪಿಗೆ ಇಲ್ಲದಿರುವುದೂ ಔಷಧದಿಂದ ನೀಗುವ ತೊಡಕುಗಳಲ್ಲ. ಭಾನುವಾರದ ಪ್ರಾರ್ಥನೆಯ ನಂತರ ಪಾದ್ರಿಯೊಬ್ಬರು, ಒಂದು ಹೆರಿಗೆಯಾದ ಮೇಲೆ ಮುಂದಿನ ಬಸಿರಿಗೆ ಕನಿಷ್ಠ 24 ತಿಂಗಳು ಕಾಯಬೇಕೆಂಬ ವಿಶ್ವ ಆರೋಗ್ಯ ಸಂಸ್ಥೆಯ ಸಲಹೆಯನ್ನು ತಾಯಿ ಮಗುವಿನ ಪ್ರಾಣದ ಪ್ರಶ್ನೆಯಾಗಿ ವಿವರಿಸಿದರೆ ಗಂಡಸರು ಕಿವಿಗೊಡುತ್ತಾರೆ. ಮುಸ್ಲಿಂ ಊರುಗಳಲ್ಲಿ ಇಮಾಮರು ಮಗುವಿಗೆ ಪೂರ್ಣ ಎರಡು ವರ್ಷ ಹಾಲೂಡಿಸುವುದನ್ನು ಹೇಳುವ ಕುರ್‌ಆನಿನ ಎರಡನೆಯ ಅಧ್ಯಾಯದ 233ನೆಯ ವಚನವನ್ನು ಮುಂದಿಡುತ್ತಾರೆ. ಧರ್ಮಗಳ ನಿಲುವು ಒಂದೇ ಆಗಿಲ್ಲ, ನಿಂತಲ್ಲೇ ನಿಂತೂ ಇಲ್ಲ: ಆಂಗ್ಲಿಕನ್ ಬಿಷಪ್ಪರು 1930ರಲ್ಲೇ ಗರ್ಭನಿರೋಧಕ್ಕೆ ಷರತ್ತಿನ ಒಪ್ಪಿಗೆ ಕೊಟ್ಟರು, 1968ರಲ್ಲಿ ಪೋಪ್ ಆರನೆಯ ಪೌಲರು ಕೃತಕ ವಿಧಾನಗಳನ್ನು ಕ್ಯಾಥೊಲಿಕರಿಗೆ ನಿಷೇಧಿಸಿದರು.

ಆ ನಿಷೇಧದ ಪರಿಣಾಮ ಹಳ್ಳಿಯ ಮಟ್ಟದಲ್ಲಿ ಎದ್ದು ಕಾಣುತ್ತದೆ. ಕ್ಯಾಥೊಲಿಕ್ ದವಾಖಾನೆಯಲ್ಲಿ ಸಿಗುವುದು ಸಹಜ ವಿಧಾನಗಳ ಶಿಕ್ಷಣ ಮಾತ್ರ. 32 ಬಣ್ಣದ ಮಣಿಗಳ ಸರದಲ್ಲಿ ದಿನಕ್ಕೊಂದರಂತೆ ಉಂಗುರ ಸರಿಸುತ್ತ ಬಸಿರು ನಿಲ್ಲಬಹುದಾದ ದಿನಗಳನ್ನು ಗುರುತಿಸುವ ವಿಧಾನವೂ ಅವುಗಳಲ್ಲೊಂದು. ಮುಟ್ಟಿನ ಚಕ್ರ 26ರಿಂದ 32 ದಿನಗಳೊಳಗೆ ಇರುವವರಿಗಷ್ಟೇ ಇದು ಹೊಂದುತ್ತದೆ. ಸಾಮಾನ್ಯ ಬಳಕೆಯಲ್ಲಿ ನೂರಕ್ಕೆ ಸುಮಾರು 12 ಮಂದಿ ವರ್ಷದೊಳಗೆ ಬಸಿರಾಗುತ್ತಾರೆ. ತೋಳಿನ ಚರ್ಮದಡಿ ಇರಿಸುವ ಕಡ್ಡಿಯಲ್ಲಿ ಆ ಸಂಖ್ಯೆ ಒಂದಕ್ಕಿಂತ ಕಡಿಮೆ. ಈ ವ್ಯತ್ಯಾಸವನ್ನು ಮುಚ್ಚಿಡದೆ ತಿಳಿಸಿ, ಬೇರೆ ವಿಧಾನ ಬೇಕೆಂದವಳಿಗೆ ಅದು ಸಿಗುವ ಜಾಗವನ್ನು ತೋರಿಸಬೇಕಾದುದು ಆ ದವಾಖಾನೆಯ ಕರ್ತವ್ಯ. ಮದುವೆಯಾಗದ ಹುಡುಗಿಯರ ವಿಷಯದಲ್ಲಂತೂ ನಾನು ಪೂರ್ತಿ ತಮ್ಮ ಪಕ್ಷದಲ್ಲಿದ್ದೇನೆ. ದಂಪತಿಗಳಿಗೆ ಮಾತ್ರ ಮೀಸಲಾದ ಉಪದೇಶದಿಂದ ಹದಿಹರೆಯದ ಬಸಿರು ತಪ್ಪುವುದಿಲ್ಲ. ಅಲ್ಲಿ ಸರ್ಕಾರದ ಕೇಂದ್ರಕ್ಕೆ ಬದಲಿಯಾಗಿ ಚರ್ಚು ನಿಲ್ಲಲಾರದು, ನಿಲ್ಲಲೂ ಬಾರದು.

ಎರಡನೆಯ ಪ್ರಶ್ನೆಯ ಹಿಂದೆ ತುರ್ತುಪರಿಸ್ಥಿತಿಯ ಬಲವಂತದ ಸಂತಾನಹರಣ ಶಸ್ತ್ರಚಿಕಿತ್ಸೆಗಳ ನೆನಪಿದೆ, ತಾವೇ ಬರೆದಿರುವಂತೆ ಇಷ್ಟು ಮಂದಿಯನ್ನು ಕುಟುಂಬ ಯೋಜನೆಗೆ ಒಪ್ಪಿಸಬೇಕೆಂಬ ತಿಂಗಳ ಗುರಿ ಮುಟ್ಟಿಸಲು ಪಟ್ಟ ಪಾಡಿದೆ. ಭಾರತ ಆ ಗುರಿಪದ್ಧತಿಯನ್ನು ಕೈಬಿಟ್ಟದ್ದು 1996ರಲ್ಲಿ. ಅಮೆರಿಕದ ನೆರವಿನ ಕಾರ್ಯಕ್ರಮಗಳಿಗೂ ಅಲ್ಲಿನ ಸಂಸತ್ತು 1998ರಲ್ಲಿ ಗುರಿ ನಿಗದಿಯನ್ನೂ ಆಮಿಷಗಳನ್ನೂ ನಿಷೇಧಿಸಿತು. ಕಾನೂನಿದ್ದ ಮಾತ್ರಕ್ಕೆ ಒತ್ತಡ ಇರಲಾರದೆಂದು ನಾನು ಹೇಳಲಾರೆ; ಆದರೆ ಹೊರಗಿನ ಹಣದ ನಿಜವಾದ ಅಪಾಯ ನನಗೆ ಬೇರೆ ಕಡೆ ಕಾಣುತ್ತಿದೆ. 2025ರ ಜನವರಿಯಲ್ಲಿ ಅಮೆರಿಕ ತನ್ನ ವಿದೇಶಿ ನೆರವನ್ನು ಏಕಾಏಕಿ ತಡೆಹಿಡಿದು, ಜುಲೈ ಹೊತ್ತಿಗೆ ನೆರವಿನ ಇಲಾಖೆಯನ್ನೇ ಮುಚ್ಚಿತು. ಚುಚ್ಚುಮದ್ದಿಗೆ ಮೂರು ತಿಂಗಳಿಗೊಮ್ಮೆ ಬರುವ ಹೆಣ್ಣುಮಗಳಿಗೆ ದಾಸ್ತಾನು ಮುಗಿದಿದೆಯೆಂಬ ಉತ್ತರ ಸಿಕ್ಕರೆ, ಅವಳ ಆಯ್ಕೆಯನ್ನು ಕಿತ್ತುಕೊಂಡದ್ದು ಪಾದ್ರಿಯಲ್ಲ. ಆಯಾ ದೇಶದ ಸರ್ಕಾರಗಳು ಈ ಔಷಧಗಳ ಖರೀದಿಯನ್ನು ತಮ್ಮ ಮುಂಗಡಪತ್ರಕ್ಕೇ ಸೇರಿಸಿಕೊಂಡು, ಚರ್ಚಿನ ದವಾಖಾನೆಗೂ ಮಸೀದಿಯವರ ದವಾಖಾನೆಗೂ ತಪ್ಪದೆ ಪೂರೈಸುವಂತಾಗಬೇಕು.

ಗುರಿಪದ್ಧತಿ ನಿಂತ ಮೇಲೆ ತಮ್ಮ ಉಪಕೇಂದ್ರದಲ್ಲಿ ಹೆಂಗಸರು ಏನನ್ನು ಕೇಳಿ ಬರತೊಡಗಿದರು, ಅದು ಅವರಿಗೆ ಸಿಕ್ಕಿತೇ ಎಂಬುದನ್ನು ತಾವು ವಿವರವಾಗಿ ಬರೆದು ಕಳುಹಿಸಿದರೆ ಮುಂದಿನ ಸಂಚಿಕೆಯಲ್ಲಿ ಪ್ರಕಟಿಸುತ್ತೇವೆ.

– ಸಂಪಾದಕ