ಅದು ಯಾರ ಧರ್ಮ?

ಹಾಸನ ಜಿಲ್ಲೆಯ ಓದುಗರೊಬ್ಬರ ಪತ್ರ: "ಕಳೆದ ಸಂಚಿಕೆಯಲ್ಲಿ ಬ್ರಿಟಿಷರ ಕಾಲದ ಧರ್ಮಾಸ್ಪತ್ರೆಗಳ ಲೇಖನ ಓದಿದೆ. ನಮ್ಮ ಅಜ್ಜಿ ಖಾಲಿ ಸೀಸೆ ಹಿಡಿದು ಅಂಥ ಆಸ್ಪತ್ರೆಗೆ ನಡೆದು ಹೋಗುತ್ತಿದ್ದರಂತೆ. ಆದರೆ 'ಮಲಗು ಅಂದ್ರೆ ಎದ್ದು ಓಡಿ ಬರ್ತಿದ್ವಿ' ಅನ್ನುತ್ತಿದ್ದರು. ಇಂಗ್ಲಿಷರು ಪುಕ್ಕಟೆ ಔಷಧಿ ಕೊಟ್ಟರು ಅಂತ ನೀವು ಹೊಗಳಿದ್ದೀರಿ. ಅದು ನಿಜವಾಗಿ ಯಾರ ಧರ್ಮ?"

ನಿಮ್ಮ ಪ್ರಶ್ನೆ ಸರಿಯಾಗಿದೆ. ದುಡ್ಡು ಯಾರದು ಎಂಬುದನ್ನು ನಮ್ಮ ಲೇಖನ ಹೇಳಲೇ ಇಲ್ಲ. ಅದು ನಮ್ಮ ತಪ್ಪು.

ಮೊದಲು ಒಂದು ಮಾತು. ನಿಮ್ಮ ಜಿಲ್ಲೆ ಮೈಸೂರು ಸಂಸ್ಥಾನದಲ್ಲಿತ್ತು. 1831ರಿಂದ 1881ರವರೆಗೆ ಇಲ್ಲಿ ಬ್ರಿಟಿಷ್ ಕಮಿಷನರುಗಳ ಆಡಳಿತವಿತ್ತು. ಆಮೇಲೆ ಮತ್ತೆ ಒಡೆಯರದು. ಹಾಗಾಗಿ ನಿಮ್ಮ ಅಜ್ಜಿ ನೋಡಿದ ಆಸ್ಪತ್ರೆ ಬಹುಶಃ ಸಂಸ್ಥಾನದ್ದೇ. ಬೆಂಗಳೂರಿನ ವಿಕ್ಟೋರಿಯಾ ಆಸ್ಪತ್ರೆಯನ್ನೇ ನೋಡಿ. 1897ರಲ್ಲಿ ಅಡಿಗಲ್ಲು ಇಟ್ಟವರು ಮಹಾರಾಣಿ ಕೆಂಪನಂಜಮ್ಮಣ್ಣಿ. 1900ರ ಡಿಸೆಂಬರಿನಲ್ಲಿ ಬಾಗಿಲು ತೆರೆದವನು ವೈಸರಾಯ್ ಕರ್ಜನ್. ಹೆಸರು ಇಂಗ್ಲೆಂಡಿನ ರಾಣಿಯದು, ಖರ್ಚು ಮೈಸೂರಿನದು.

ನೇರವಾಗಿ ಬ್ರಿಟಿಷರ ಕೈಯಲ್ಲಿದ್ದ ಊರುಗಳ ಕಥೆಯೂ ಬಹಳ ಬೇರೆಯಲ್ಲ. ಬಳ್ಳಾರಿ, ಮಂಗಳೂರು ಕಡೆಯೆಲ್ಲ ಮದ್ರಾಸ್ ಪ್ರಾಂತ್ಯ. ಅಲ್ಲಿ 1871ರಲ್ಲಿ ಲೋಕಲ್ ಫಂಡ್ ಕಾಯ್ದೆ ಬಂತು. ರೈತ ಕಂದಾಯದ ಜೊತೆಗೆ ಇನ್ನಷ್ಟು ಕಟ್ಟಬೇಕು. ಆ ದುಡ್ಡಿನಲ್ಲೇ ರಸ್ತೆ, ಶಾಲೆ, ಆಸ್ಪತ್ರೆ. ಅಂದರೆ 'ಪುಕ್ಕಟೆ' ಔಷಧಿಗೆ ರೈತ ಮೊದಲೇ ಬೆಲೆ ಕೊಟ್ಟಿರುತ್ತಿದ್ದ. ಉಳಿದದ್ದಕ್ಕೆ ಊರಿನ ಸಾಹುಕಾರರು ಕೈ ಹಾಕುತ್ತಿದ್ದರು. ಮುಂಬಯಿಯಲ್ಲಿ ಜಮ್ಶೆಟ್ಜಿ ಜೀಜೀಭಾಯ್ ಲಕ್ಷ ರೂಪಾಯಿ ಕೊಟ್ಟರು. 1845ರಲ್ಲಿ ಅವರ ಹೆಸರಿನ ಆಸ್ಪತ್ರೆ ಶುರುವಾಯಿತು. ಬೆಂಗಳೂರಿನ ಶಿವಾಜಿನಗರದ ಗೋಷಾ ಆಸ್ಪತ್ರೆ ಹಾಜಿ ಸರ್ ಇಸ್ಮಾಯಿಲ್ ಸೇಟರ ಕೊಡುಗೆ. ಮದ್ರಾಸಿನಲ್ಲಿ ಇನ್ನೂ ಹಳೆಯದೊಂದಿದೆ. 1780ರ ದಶಕದ ಬರಗಾಲದಲ್ಲಿ ಹಸಿದವರಿಗೆ ಗಂಜಿ ಹಾಕುತ್ತಿದ್ದ ಛತ್ರ ಅದು. ಅಲ್ಲೇ ರೋಗಿಗಳನ್ನೂ ನೋಡತೊಡಗಿ, ಕೊನೆಗೆ ಅದು ಇಂದಿನ ಸ್ಟ್ಯಾನ್ಲಿ ಆಸ್ಪತ್ರೆಯಾಯಿತು. ನಮ್ಮ ಜನ ಡಿಸ್ಪೆನ್ಸರಿಗೆ 'ಧರ್ಮಾಸ್ಪತ್ರೆ' ಎಂದದ್ದು ಸುಮ್ನೆ ಅಲ್ಲ. ಧರ್ಮಛತ್ರ ಅವರಿಗೆ ಮೊದಲೇ ಗೊತ್ತಿತ್ತು.

ಸರ್ಕಾರ ಏನೂ ಮಾಡಲಿಲ್ಲ ಎನ್ನುತ್ತಿಲ್ಲ. ಆದರೆ ಅದರ ಮೊದಲ ಚಿಂತೆ ತನ್ನ ಸೈನಿಕರದ್ದು. ಭಾರತದಲ್ಲಿ ಸಾವಿರ ಗೋರಾ ಸೈನಿಕರಲ್ಲಿ ವರ್ಷಕ್ಕೆ 69 ಮಂದಿ ಸಾಯುತ್ತಿದ್ದಾರೆ ಎಂದು 1863ರಲ್ಲಿ ಆಯೋಗವೊಂದು ವರದಿ ಕೊಟ್ಟಿತು. ನೀರು, ಚರಂಡಿ, ಶುಚಿತ್ವದ ಕೆಲಸ ಜೋರಾದದ್ದು ಆಮೇಲೆ. ಅದೂ ದಂಡು ಪ್ರದೇಶಗಳಲ್ಲೇ ಮೊದಲು.

ಇನ್ನು ಅಜ್ಜಿಯ ಸೀಸೆಯ ವಿಷಯ. ಇದರ ಬಗ್ಗೆ ಬರೆಯಲು ನನಗೆ ತುಂಬಾ ಆಸೆ. ಸೀಸೆ ರೋಗಿಯದು, ಔಷಧಿ ಆಸ್ಪತ್ರೆಯದು. ಡಾಕ್ಟರು ನಾಲಿಗೆ, ಕಣ್ಣು, ನಾಡಿ ನೋಡಿ ಚೀಟಿ ಬರೆಯುತ್ತಾರೆ. ಕಿಟಕಿಯಾಚೆ ಕಾಂಪೌಂಡರ್ ದೊಡ್ಡ ಜಾಡಿಯಿಂದ ಮಿಕ್ಸ್ಚರ್ ಸುರಿದು, ಸೀಸೆಯ ಬೆನ್ನಿಗೆ ಹಲ್ಲು ಹಲ್ಲಾಗಿ ಕತ್ತರಿಸಿದ ಕಾಗದದ ಪಟ್ಟಿ ಅಂಟಿಸುತ್ತಾನೆ. ಒಂದು ಹಲ್ಲಿಗೆ ಒಂದು ಹೊತ್ತಿನ ಔಷಧಿ. ಓದು ಬರದ ತಾಯಿಯೂ ಮಗುವಿಗೆ ಅಳತೆ ತಪ್ಪದೆ ಕುಡಿಸಬಹುದು. ಎಷ್ಟು ಒಳ್ಳೆಯ ಉಪಾಯ, ಅಲ್ವಾ? ಚಳಿಜ್ವರಕ್ಕೆ ಕಹಿ ಕ್ವಿನೈನ್, ಹೊಟ್ಟೆಗೆ ಹರಳೆಣ್ಣೆ, ಹುಣ್ಣಿಗೆ ಮುಲಾಮು. ಇವಕ್ಕಾಗಿ ಜನ ತಾವಾಗಿಯೇ ಬಂದರು.

ಆಸ್ಪತ್ರೆಯಲ್ಲಿ ಉಳಿದು ಮಲಗುವುದಕ್ಕೆ ಮಾತ್ರ ಬರಲಿಲ್ಲ. ಅಜ್ಜಿಯ ಆ ಹೆದರಿಕೆಯನ್ನು ಮೂಢತನ ಎನ್ನಲು ನನಗೆ ಮನಸ್ಸಿಲ್ಲ. ಆಸ್ಪತ್ರೆಯ ನೀರು ಯಾರು ಮುಟ್ಟಿದ್ದು, ಗಂಜಿ ಯಾರು ಬೇಯಿಸಿದ್ದು ಎಂಬ ಜಾತಿಯ ಲೆಕ್ಕ ಇತ್ತು. ಅದನ್ನು ಮುಚ್ಚಿಡಬಾರದು. ಆದರೆ ಮನೆಯವರಿಂದ ದೂರವಾಗಿ ಸಾಯುವ ಭಯ ಅದಕ್ಕಿಂತ ಜಾಸ್ತಿ. ಪ್ಲೇಗ್ ಬಂದಾಗ ಸರ್ಕಾರವೇ ಆ ಭಯಕ್ಕೆ ತುಪ್ಪ ಸುರಿಯಿತು. 1897ರ ಸಾಂಕ್ರಾಮಿಕ ರೋಗಗಳ ಕಾಯ್ದೆಯ ಬಲದಿಂದ ಪುಣೆಯಲ್ಲಿ ಸೈನಿಕರು ಮನೆಯೊಳಗೆ ನುಗ್ಗಿ ರೋಗಿಗಳನ್ನು ಹುಡುಕಿದರು. ಅದಕ್ಕೂ ಮುಂಚೆಯೇ, 1896ರ ಅಕ್ಟೋಬರಿನಲ್ಲಿ, ಮುಂಬಯಿಯ ಗಿರಣಿ ಕೆಲಸಗಾರರು ಆರ್ಥರ್ ರೋಡ್ ಆಸ್ಪತ್ರೆಯ ಮೇಲೆ ಬಿದ್ದಿದ್ದರು. ಎಳೆದುಕೊಂಡು ಹೋಗುವ ಕಡೆ ಯಾರು ತಾನೇ ನಂಬಿ ಹೋಗುತ್ತಾರೆ?

ಅದೇ ಪುಣೆಯ ಹೊರವಲಯದಲ್ಲಿ ಸಾವಿತ್ರಿಬಾಯಿ ಫುಲೆ ತಮ್ಮ ಡಾಕ್ಟರ್ ಮಗ ಯಶವಂತನ ಜೊತೆ ಪ್ಲೇಗ್ ರೋಗಿಗಳ ಆರೈಕೆಗೆ ನಿಂತರು. ಅವರಿಗೂ ರೋಗ ತಗುಲಿತು. 1897ರ ಮಾರ್ಚ್ 10ರಂದು ತೀರಿಕೊಂಡರು. ಮರುವರ್ಷ ಪ್ಲೇಗ್ ಬೆಂಗಳೂರಿಗೆ ಬಂತು. ಇಲ್ಲಿ ದುಡಿದವರಲ್ಲಿ ಡಾಕ್ಟರ್ ಪಲ್ಪು ಒಬ್ಬರು. ಮದ್ರಾಸಿನಲ್ಲಿ ವೈದ್ಯ ಓದಿದವರು. ಈಳವ ಜಾತಿಯವರೆಂದು ಅವರ ಊರಾದ ತಿರುವಾಂಕೂರು ಅವರಿಗೆ ಕೆಲಸ ಕೊಡಲಿಲ್ಲ. ಮೈಸೂರು ಕೊಟ್ಟಿತು. ಜನ ಊರು ಬಿಟ್ಟು ಓಡುತ್ತಿದ್ದಾಗ ಅವರು ರೋಗಿಗಳ ಮಧ್ಯೆ ಇದ್ದರು.

ಇವರ ಹೆಸರಾದರೂ ಉಳಿದಿದೆ. ಪಟ್ಟಿ ಅಂಟಿಸಿದ ಕಾಂಪೌಂಡರ್, ಹಳ್ಳಿಹಳ್ಳಿ ತಿರುಗಿ ದೇವಿ (ಸಿಡುಬಿನ ಲಸಿಕೆ) ಹಾಕಿದವರು, ರಾತ್ರಿ ಲಾಟೀನು ಹಿಡಿದು ಹೆರಿಗೆಗೆ ಓಡಿದ ಸೂಲಗಿತ್ತಿ, ಇವರ ಹೆಸರು ಎಲ್ಲೂ ಇಲ್ಲ. ನೀವು ಕೇಳಿದ ಧರ್ಮ ಯಾರದೆಂದರೆ, ನನ್ನ ಉತ್ತರ ಇವರದು, ಕಂದಾಯ ಕಟ್ಟಿದವರದು.

ನಿಮ್ಮ ಅಜ್ಜಿಯ ಊರಿನ ಆ ಹಳೆಯ ಆಸ್ಪತ್ರೆಯ ಕಟ್ಟಡ ಇನ್ನೂ ಇದ್ದರೆ ಒಮ್ಮೆ ಹೋಗಿ ಬನ್ನಿ. ಬಾಗಿಲ ಮೇಲೆ ಅಥವಾ ಗೋಡೆಯಲ್ಲಿ ಕಲ್ಲು ಇದ್ದರೆ, ಅದರಲ್ಲಿ ಯಾರ ಹೆಸರಿದೆ ನೋಡಿ. ಕಾಂಪೌಂಡರನ ಹೆಸರು ಊರಿನ ಹಿರಿಯರಿಗೆ ನೆನಪಿದ್ದರೆ ಅದನ್ನೂ ಬರೆದು ಕಳಿಸಿ. ಮುಂದಿನ ಸಂಚಿಕೆಯಲ್ಲಿ ಖಂಡಿತ ಹಾಕುತ್ತೇವೆ.

– ಸಂಪಾದಕ