ಕೆಂಪು ಜೋಳ ತಿಂದ ಅಜ್ಜಿ, ಹೊಟ್ಟೆಯಲ್ಲಿರುವ ಕೂಸು

ಪ್ರಶ್ನೆ: ಡಾಕ್ಟರೇ, ನಮ್ಮದು ಮುದ್ದೇಬಿಹಾಳ ಕಡೆಯ ಹಳ್ಳಿ. 1972ರ ಬರದಲ್ಲಿ ನಮ್ಮಜ್ಜಿ ಬಿತ್ತನೆಗೆ ಇಟ್ಟಿದ್ದ, ಔಷಧ ಹಚ್ಚಿದ ಕೆಂಪು ಜೋಳವನ್ನೇ ಮೂರು ನೀರಲ್ಲಿ ತೊಳೆದು ರೊಟ್ಟಿ ಬಡಿದಿದ್ದಳಂತೆ. ಆಗ ನಮ್ಮವ್ವ ಹೊಟ್ಟೆಯಲ್ಲಿದ್ದಳು. ಅವ್ವ ಗಟ್ಟಿಯಾಗೇ ಇದ್ದಾಳೆ. ನನಗೀಗ ಐದು ತಿಂಗಳು. ಆ ವಿಷ ನನ್ನ ಕೂಸಿಗೂ ಬರುತ್ತಾ?

ಉತ್ತರ: ಇಲ್ಲ ತಂಗಿ, ಸುಮ್ನೆ ಹೆದರಬೇಡ. ಆದರೆ ನಿನ್ನದು ಹುಚ್ಚು ಪ್ರಶ್ನೆಯೇನಲ್ಲ. ಅದೇ ಹೊತ್ತಿಗೆ, 1971–72ರಲ್ಲಿ, ಇರಾಕ್‌ನಲ್ಲಿ ಪಾದರಸದ ಔಷಧ ಹಚ್ಚಿದ ಬಿತ್ತನೆ ಗೋಧಿಯಿಂದ ಜನ ರೊಟ್ಟಿ ಮಾಡಿಕೊಂಡರು. ತೊಳೆದರೆ ಬಣ್ಣ ಹೋಯ್ತು, ಪಾದರಸ ಹೋಗಲಿಲ್ಲ. ಚೀಲದ ಮೇಲಿನ ಎಚ್ಚರಿಕೆಯೋ, ಅವರಿಗೆ ಬಾರದ ಭಾಷೆಯಲ್ಲಿ! ಆಸ್ಪತ್ರೆಗಳಲ್ಲೇ 459 ಜನ ಸತ್ತರು. ಬಸುರಿಯರು ತಿಂದದ್ದು ಕೂಸಿನ ಮಿದುಳಿಗೆ ಇಳಿಯಿತು. ತಾಯಿಗೆ ಅಷ್ಟೇನೂ ಆಗದಿದ್ದರೂ ಕೆಲವು ಮಕ್ಕಳಿಗೆ ನಡಿಗೆ, ಮಾತು ತಡವಾಯ್ತು.

ಆದರೆ ಈ ಪಾದರಸ ಸುಮಾರು ಎರಡು ತಿಂಗಳಿಗೊಮ್ಮೆ ಮೈಯಲ್ಲಿ ಅರ್ಧಕ್ಕೆ ಇಳಿಯುತ್ತದೆ. ಅಜ್ಜಿಯ ಜೋಳಕ್ಕೆ ಹಚ್ಚಿದ್ದೂ ಇದೇ ಆಗಿದ್ದರೂ, ಅಂದಿನದು ನಿಮ್ಮವ್ವನಲ್ಲಿ ಇನ್ನೂ ಎಲ್ಲಿ ಉಳಿದಿರುತ್ತೆ? 1968ರಲ್ಲಿ ಜಪಾನ್‌ನ ತೌಡಿನ ಎಣ್ಣೆಗೆ ಸೇರಿದ ಪಿಸಿಬಿ ಎಂಬ ಕಾರ್ಖಾನೆಯ ರಾಸಾಯನಿಕ ಬೇರೆ ಜಾತಿಯದು. ಅದು ಕೊಬ್ಬಿನಲ್ಲಿ ವರ್ಷಗಟ್ಟಲೆ ಕೂತು ಎದೆಹಾಲಲ್ಲೂ ಬರುತ್ತದೆ.

ಒಂದು ಮಾತು. ಬೀಜದ ಖಾಲಿ ಚೀಲದಲ್ಲಿ ಹಿಟ್ಟು ತುಂಬಿಡುವ ರೂಢಿ ನಮ್ಮಲ್ಲಿ ಜಾಸ್ತಿ, ಅಲ್ವಾ? ಅದನ್ನು ಇವತ್ತೇ ಬಿಡು.